ಮನುಷ್ಯ ಸ್ವಭಾವ: ಧಾರವಾಡದ ಮುಸಿಯಗಳು ಹೇಳಿದ್ದೇನು?

ಧಾರವಾಡದಿಂದ ಹಳಿಯಾಳಕ್ಕೆ ಹೋಗುವ ಬಸ್ಸು. ಕಾಲಿಡಲು ಜಾಗವಿರಲಿಲ್ಲ. ನಡುವಿನ ಒಂದು ಸ್ಟಾಪಿನಲ್ಲಿ ಕಂಕುಳಲ್ಲಿ ಕೂಸು, ಹೆಗಲಲ್ಲಿ ಬ್ಯಾಗು ಹೊತ್ತ ಹುಡುಗಿಯೊಬ್ಬಳು ಹತ್ತಿದಳು. ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದರು. ಕಾರ್ಡ್ ಬ್ಯಾಗಿನ ತಳದಲ್ಲೆಲ್ಲೋ ಇತ್ತು. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ನನ್ನ ಪಕ್ಕದ ಅಜ್ಜಿಯ ಕಡೆ ತಿರುಗಿ, ‘ಯವ್ವಾ, ಸ್ವಲ್ಪ ಕೂಸಿನ್ನ ಹಿಡ್ಕೋ’ ಎಂದು ತೊಡೆಯ ಮೇಲೆ ಇಟ್ಟೇಬಿಟ್ಟಳು.

ಐದಾರು ತಿಂಗಳ ಕೂಸು. ಅಳಲಿಲ್ಲ. ಅಜ್ಜಿಯ ಮುಖವನ್ನು ದಿಟ್ಟಿಸಿ ನೋಡಿತು. ಅಜ್ಜಿ ಹುಬ್ಬೇರಿಸಿದರೆ ಅದೂ ಕಣ್ಣರಳಿಸಿತು. ಆಮೇಲೆ ಕೊರಳಿನ ಮಣಿಸರಕ್ಕೆ ಕೈ ಹಾಕಿತು. ಎರಡು ಊರು ದಾಟಿದ ಮೇಲೆ ಅಜ್ಜಿ ಇಳಿಯಬೇಕಾಯಿತು. ಕೂಸು ನನ್ನ ತೊಡೆಗೆ ಬಂತು. ತಾಯಿ ನಾಲ್ಕು ಸೀಟು ಆಚೆ ಕಂಬಿ ಹಿಡಿದು ನಿಂತಿದ್ದಳು. ಒಂದು ಸಲ ಇತ್ತ ನೋಡಿ ನಕ್ಕಳು, ಅಷ್ಟೇ.

ನಾವು ಇದನ್ನು ದಿನಾ ನೋಡುತ್ತೇವೆ, ಹಾಗಾಗಿ ಇದರಲ್ಲಿ ಏನೂ ವಿಶೇಷ ಕಾಣುವುದಿಲ್ಲ. ಆದರೆ ಚಿಂಪಾಂಜಿ ತಾಯಿ ಈ ಕೆಲಸ ಮಾಡುವುದಿಲ್ಲ. ಹುಟ್ಟಿದ ಮೊದಲ ಕೆಲವು ತಿಂಗಳು ಅವಳು ಮರಿಯನ್ನು ಮೈಯಿಂದ ಬಿಡಿಸುವುದೇ ಇಲ್ಲ. ಸ್ವಂತ ದೊಡ್ಡ ಮಗಳು ಕೈ ಚಾಚಿದರೂ ತಿರುಗಿ ಕೂರುತ್ತಾಳೆ. ಒರಾಂಗುಟಾನ್ ತಾಯಿಯೂ ಹಾಗೆಯೇ. ಗೊರಿಲ್ಲಾ ತಾಯಿಯೂ ಹಾಗೆಯೇ. ನಮಗೆ ತೀರಾ ಹತ್ತಿರದ ಈ ನೆಂಟರಲ್ಲಿ ಯಾವ ತಾಯಿಯೂ ಎಳೆಗೂಸನ್ನು ಗುರುತಿಲ್ಲದ ಹೆಂಗಸಿನ ತೊಡೆಯ ಮೇಲಿಟ್ಟು ಬೇರೆ ಕಡೆ ತಿರುಗುವುದಿಲ್ಲ.

ಮನುಷ್ಯನ ಸ್ವಭಾವದ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಈ ಕೂಸು ನೆನಪಾಗುತ್ತದೆ. ಯಾಕೆಂದರೆ ಆ ಮಾತು ಈಗ ಜಾಸ್ತಿಯಾಗಿದೆ, ಮತ್ತು ಹೆಚ್ಚಿನ ಸಲ ಅದು ಕೆಟ್ಟದ್ದನ್ನು ಸಮರ್ಥಿಸಲಿಕ್ಕೇ ಬರುತ್ತದೆ. ಹಲ್ಲೆ ನಡೆದರೆ ಪತ್ರಿಕೆಗಳು ‘ಮೃಗೀಯ ಕೃತ್ಯ’ ಎಂದು ಬರೆಯುತ್ತವೆ. ಗಲಭೆಯಾದರೆ ‘ಎಷ್ಟಾದರೂ ಮಂಗನಿಂದ ಬಂದವರಲ್ವಾ’ ಎನ್ನುವವರು ಸಿಗುತ್ತಾರೆ. ಮೊಬೈಲ್ ತೆರೆದರೆ ‘ಆಲ್ಫಾ ಮೇಲ್’ ರೀಲ್ಸ್. ಗಂಡು ಅಂದ್ರೆ ಆಳಬೇಕು, ಹೆಣ್ಣು ಅಂದ್ರೆ ಅಡಿಯಲ್ಲಿರಬೇಕು, ಪ್ರಕೃತಿಯೇ ಹಾಗೆ ಮಾಡಿದೆ, ಬೇಕಾದರೆ ಮಂಗಗಳನ್ನು ನೋಡಿ ಅನ್ನುತ್ತಾರೆ. ಹದಿನಾರು ಹದಿನೇಳರ ಹುಡುಗರು ಇದನ್ನು ವಿಜ್ಞಾನ ಎಂದೇ ನಂಬಿ ಕೂತಿದ್ದಾರೆ.

ಸರಿ, ಹಾಗಾದರೆ ಮಂಗಗಳನ್ನೇ ನೋಡೋಣ.

ಮೊದಲು ನೆಂಟಸ್ತಿಕೆ ಸರಿಮಾಡಿಕೊಳ್ಳಬೇಕು. ‘ಮಂಗನಿಂದ ಮಾನವ’ ಎಂಬ ಮಾತು ಶಾಲೆಯಿಂದಲೇ ನಮ್ಮ ತಲೆಯಲ್ಲಿ ಕೂತಿದೆ. ಆದರೆ ದೇವಸ್ಥಾನದ ಮೆಟ್ಟಿಲ ಮೇಲೆ ಬಾಳೆಹಣ್ಣು ಕಸಿಯುವ ಕೆಂಪು ಮೂತಿಯ ಮಂಗ ನಮ್ಮ ಮುತ್ತಜ್ಜನಲ್ಲ, ಬಹಳ ದೂರದ ದಾಯಾದಿ. ಅದರ ವಂಶ, ನಮ್ಮ ವಂಶ ಬೇರೆಯಾಗಿ ಸುಮಾರು ಎರಡೂವರೆ ಮೂರು ಕೋಟಿ ವರ್ಷಗಳಾದವು. ಚಿಂಪಾಂಜಿ ಮತ್ತು ಅದನ್ನೇ ಹೋಲುವ ಇನ್ನೊಂದು ವಾನರ ಬೊನೊಬೊ, ಈ ಎರಡರ ವಂಶದಿಂದ ನಾವು ಕವಲೊಡೆದು 60–70 ಲಕ್ಷ ವರ್ಷ. ಆ ಎರಡು ಪರಸ್ಪರ ಬೇರೆಯಾದದ್ದು ತೀರಾ ಈಚೆಗೆ, 10ರಿಂದ 20 ಲಕ್ಷ ವರ್ಷಗಳ ಹಿಂದೆ. ಅಂದರೆ ಚಿಂಪಾಂಜಿ ನಮಗೆ ಎಷ್ಟು ಹತ್ತಿರವೋ ಬೊನೊಬೊ ಕೂಡ ಅಷ್ಟೇ ಹತ್ತಿರ. ಹೋಲಿಸಿ ನೋಡಬಹುದಾದ ಡಿಎನ್‌ಎ ಭಾಗಗಳಲ್ಲಿ ಇಬ್ಬರ ಜೊತೆಗೂ ನಮ್ಮ ಹೋಲಿಕೆ ನೂರಕ್ಕೆ 98–99ರಷ್ಟು. ಮಂಗಗಳನ್ನು ನೋಡಿ ಎನ್ನುವವರು ಈ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಸಾಕ್ಷಿಗೆ ಕರೆದರೆ ಅದು ನ್ಯಾಯವಲ್ಲ.

ಧಾರವಾಡ, 1962

ಕತೆ ಶುರುವಾಗುವುದು ನಮ್ಮದೇ ನೆಲದಲ್ಲಿ. 1961ರಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಎಂಬ ಯುವ ವಿಜ್ಞಾನಿ ಧಾರವಾಡಕ್ಕೆ ಬಂದರು. ಜಪಾನ್ ಮತ್ತು ಭಾರತದ ಸಂಶೋಧಕರು ಸೇರಿ ನಡೆಸಿದ ಅಧ್ಯಯನ ಅದು. ಧಾರವಾಡದ ಸುತ್ತಲಿನ ಕಾಡಂಚಿನ ಮುಸಿಯಗಳನ್ನು ಅವರು ಹಿಂಬಾಲಿಸಿದರು. ಕರಿ ಮೂತಿ, ಉದ್ದ ಬಾಲ, ಬೂದು ಮೈಯ ಮುಸಿಯ. ಬಡಗಣದವರು ಮುಸ್ಯಾ ಎನ್ನುತ್ತಾರೆ.

ಅಲ್ಲಿನ ಹೆಚ್ಚಿನ ಗುಂಪುಗಳಲ್ಲಿ ಒಂದೇ ದೊಡ್ಡ ಗಂಡು, ಹಲವು ಹೆಣ್ಣುಗಳು, ಅವುಗಳ ಮರಿಗಳು. ಉಳಿದ ಗಂಡುಗಳು ತಮ್ಮದೇ ತಂಡ ಕಟ್ಟಿಕೊಂಡು ಅಲೆಯುತ್ತವೆ. 1962ರಲ್ಲಿ ಅಂಥ ತಂಡವೊಂದು ಒಂದು ಗುಂಪಿನ ಮೇಲೆ ಬಿದ್ದು ಹಳೆಯ ಗಂಡನ್ನು ಓಡಿಸಿತು. ಕೊನೆಗೆ ಹೊಸಬರಲ್ಲಿ ಒಂದು ಗಂಡು ಉಳಿದವರನ್ನೂ ಓಡಿಸಿ ಯಜಮಾನನಾಯಿತು. ಆಮೇಲೆ ಅದು ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಲ್ಲತೊಡಗಿತು. ಮರಿ ಸತ್ತ ತಾಯಂದಿರು ಕೆಲವೇ ವಾರಗಳಲ್ಲಿ ಬೆದೆಗೆ ಬಂದರು, ಅದೇ ಗಂಡಿನೊಡನೆ ಕೂಡಿದರು.

ಸುಗಿಯಾಮ ಇದನ್ನು ಬರೆದು ಪ್ರಕಟಿಸಿದಾಗ ಬಹಳ ಜನ ನಂಬಲಿಲ್ಲ. ಪ್ರಾಣಿಗಳು ತಮ್ಮ ಜಾತಿಯ ಒಳಿತಿಗಾಗಿಯೇ ಬದುಕುತ್ತವೆ ಎಂಬ ಎಣಿಕೆ ಆಗ ಗಟ್ಟಿಯಾಗಿತ್ತು. ಇದು ರೋಗ ಇರಬೇಕು, ಇಕ್ಕಟ್ಟಿನಲ್ಲಿ ಬದುಕಿ ತಲೆ ಕೆಟ್ಟಿರಬೇಕು ಎಂದರು.

ಅದೇ ಎಣಿಕೆ ಇಟ್ಟುಕೊಂಡು 1971ರಲ್ಲಿ ಅಮೆರಿಕದ ಸಾರಾ ಹರ್ಡಿ ರಾಜಸ್ಥಾನದ ಮೌಂಟ್ ಅಬುಗೆ ಬಂದರು. ಇಕ್ಕಟ್ಟು ಹೇಗೆ ಪ್ರಾಣಿಯನ್ನು ಕೆಡಿಸುತ್ತದೆ ಎಂದು ನೋಡುವುದು ಅವರ ಉದ್ದೇಶ. ವರ್ಷಗಟ್ಟಲೆ ನೋಡಿದ ಮೇಲೆ ಅವರು ತಮ್ಮ ಎಣಿಕೆಯನ್ನೇ ಕೈಬಿಟ್ಟರು. ಮರಿ ಕೊಲ್ಲುತ್ತಿದ್ದದ್ದು ಹೊರಗಿನಿಂದ ಬಂದ ಗಂಡು. ಅದಕ್ಕೆ ಯಜಮಾನಿಕೆ ಸಿಗುವುದು ಎರಡು ಮೂರು ವರ್ಷ ಮಾತ್ರ. ಹಾಲೂಡಿಸುವ ತಾಯಿ ಬೆದೆಗೆ ಬರುವುದಿಲ್ಲ. ಕಾಯುತ್ತ ಕೂತರೆ ಅದರ ಸಮಯ ಮುಗಿದುಹೋಗುತ್ತದೆ. ಕ್ರೂರ, ಆದರೆ ಹುಚ್ಚಲ್ಲ. 1999ರಲ್ಲಿ ನೇಪಾಳದ ರಾಮನಗರದ ಮುಸಿಯಗಳ ಡಿಎನ್‌ಎ ಪರೀಕ್ಷೆ ಪ್ರಕಟವಾಯಿತು. ಕೊಂದ ಗಂಡುಗಳು ಸತ್ತ ಮರಿಗಳ ಅಪ್ಪಂದಿರಾಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ರೀಲ್ಸ್ ಮಾಡುವವರಿಗೆ ಹಬ್ಬ. ಆದರೆ ಹರ್ಡಿ ನಿಲ್ಲಿಸಲಿಲ್ಲ. ಅವರು ಹೆಣ್ಣುಗಳನ್ನೂ ಅಷ್ಟೇ ಗಮನವಿಟ್ಟು ನೋಡಿದರು. ಆ ಕಾಲದಲ್ಲಿ ಹಾಗೆ ನೋಡುವವರು ಕಡಿಮೆ. ಹೆಣ್ಣುಗಳು ಸುಮ್ನೆ ಕೂತಿರಲಿಲ್ಲ. ಗಬ್ಬದ ಹೆಣ್ಣು ಕೂಡ ಬೆದೆ ಬಂದಂತೆ ತೋರಿಸಿಕೊಂಡು ಹೊಸ ಗಂಡಿನೊಡನೆ ಕೂಡುತ್ತಿತ್ತು. ಹುಟ್ಟುವ ಮರಿ ಯಾರದೆಂದು ಅದಕ್ಕೆ ತಿಳಿಯದಂತೆ ಮಾಡುವ ದಾರಿ ಅದು. ಗಂಡು ಮರಿಯ ಮೇಲೆ ಎರಗಿದಾಗ ಎಲ್ಲರಿಗಿಂತ ಮುಂದೆ ನುಗ್ಗುತ್ತಿದ್ದವರು ಮುದಿ ಹೆಣ್ಣುಗಳು. ಇನ್ನು ಮರಿ ಹಾಕುವ ವಯಸ್ಸು ದಾಟಿದ, ಗುಂಪಿನಲ್ಲಿ ಯಾರೂ ಲೆಕ್ಕಕ್ಕಿಡದ ಅಜ್ಜಿಯರು. ತನಗಿಂತ ಬಹಳ ದೊಡ್ಡ, ಉದ್ದ ಕೋರೆಹಲ್ಲಿನ ಗಂಡಿನ ಬಾಯಿಂದ ಮರಿಯನ್ನು ಬಿಡಿಸಲು ಹೋಗುತ್ತಿದ್ದರು.

ಇನ್ನೊಂದು ಸಂಗತಿಯನ್ನು ನಾನೇ ಕಂಡಿದ್ದೇನೆ, ಧಾರವಾಡದಲ್ಲೇ. ಹುಣಸೆ ಮರದ ಮೇಲೆ ಮುಸಿಯದ ಗುಂಪು ಕೂತಿತ್ತು. ಈಗಷ್ಟೇ ಹುಟ್ಟಿದ ಮರಿ ಬೂದು ಬಣ್ಣದ್ದಲ್ಲ, ಕಪ್ಪಗೆ, ಮುಖ ಮಾತ್ರ ಎಳೆ ಗುಲಾಬಿ. ಎಷ್ಟು ದೂರದಿಂದಲೂ ಕಾಣುತ್ತದೆ. ಆ ಕಪ್ಪು ಚುಕ್ಕೆ ಒಂದು ಹೆಣ್ಣಿನ ಎದೆಯಿಂದ ಇನ್ನೊಂದರ ಎದೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಿತ್ತು. ಅರ್ಧ ಗಂಟೆಯಲ್ಲಿ ನಾಲ್ಕು ಮಡಿಲು ಎಣಿಸಿದೆ. ಕೊನೆಯವಳು ಎಳೆಯ ಹೆಣ್ಣು, ಅವಳಿಗೆ ಎತ್ತಿಕೊಳ್ಳಲು ಬರುತ್ತಿರಲಿಲ್ಲ. ಮರಿಯ ತಲೆ ಕೆಳಗಾಗಿತ್ತು. ಮರಿ ಕೀಚೆಂದಾಗ ತಾಯಿ ಬಂದು ಕಸಿದುಕೊಂಡಳು. ಅದುವರೆಗೂ ಅವಳು ಆಚೆ ಕೊಂಬೆಯಲ್ಲಿ ಚಿಗುರು ತಿನ್ನುತ್ತಿದ್ದಳು.

ಮರಿ ಕೊಲ್ಲುವ ಸುದ್ದಿಯನ್ನು ಜಗತ್ತಿಗೆ ಕೊಟ್ಟ ಮುಸಿಯವೇ ಮರಿಯನ್ನು ಹಂಚಿಕೊಂಡು ಸಾಕುವ ಪ್ರಾಣಿಯೂ ಹೌದು. ಒಂದೇ ಗುಂಪು, ಒಂದೇ ಮರ. ಇದರಲ್ಲಿ ಯಾವುದು ಅದರ ಸ್ವಭಾವ? ಎರಡೂ.

ಇಬ್ಬರು ದಾಯಾದಿಗಳು

ಚಿಂಪಾಂಜಿಗಳ ವಿಷಯಕ್ಕೆ ಬರೋಣ. ಜೇನ್ ಗುಡಾಲ್ 1960ರ ಜುಲೈನಲ್ಲಿ ಟಾಂಜಾನಿಯಾದ ಗೋಂಬೆ ಕಾಡಿಗೆ ಹೋದಾಗ ಅವರಿಗೆ 26 ವರ್ಷ. ಕೆಲವೇ ತಿಂಗಳಲ್ಲಿ ಚಿಂಪಾಂಜಿಗಳು ಕಡ್ಡಿಯನ್ನು ಹುತ್ತಕ್ಕೆ ತೂರಿಸಿ ಗೆದ್ದಲು ಹಿಡಿಯುವುದನ್ನು ಕಂಡರು. ಉಪಕರಣ ಮಾಡುವವನು ಮನುಷ್ಯನೊಬ್ಬನೇ ಎಂಬ ಗಡಿ ಅಲ್ಲಿಗೆ ಅಳಿಸಿಹೋಯಿತು. ಅಪ್ಪಿಕೊಳ್ಳುವುದು, ಕೈ ಹಿಡಿದು ಸಮಾಧಾನ ಮಾಡುವುದು, ಸತ್ತ ತಾಯಿಗಾಗಿ ಕೊರಗುವುದು, ಎಲ್ಲವನ್ನೂ ಅವರು ಬರೆದರು.

ಆದರೆ 1974ರಲ್ಲಿ ಅದೇ ಗೋಂಬೆಯಲ್ಲಿ ಬೇರೊಂದು ಮುಖ ಕಂಡಿತು. ಒಂದು ದೊಡ್ಡ ಗುಂಪು ಒಡೆದು ಎರಡಾಗಿತ್ತು. ಮುಂದಿನ ನಾಲ್ಕು ವರ್ಷ ದೊಡ್ಡ ಪಾಲಿನ ಗಂಡುಗಳು ಸದ್ದಿಲ್ಲದೆ ಗಡಿ ದಾಟಿ, ಒಂಟಿಯಾಗಿ ಸಿಕ್ಕವರನ್ನು ಗುಂಪಾಗಿ ಹೊಡೆದು ಕೊಂದರು. ಕೊಂದದ್ದು ನಿನ್ನೆ ಮೊನ್ನೆಯವರೆಗೂ ಒಟ್ಟಿಗೆ ಹೇನು ಹೆಕ್ಕಿಕೊಳ್ಳುತ್ತಿದ್ದ ಗೆಳೆಯರನ್ನು. 1978ರ ಹೊತ್ತಿಗೆ ಚಿಕ್ಕ ಗುಂಪೇ ಇಲ್ಲವಾಯಿತು. ಗುಡಾಲ್ 2025ರ ಅಕ್ಟೋಬರ್ 1ರಂದು, ತಮ್ಮ 91ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರು ಈ ಎರಡು ಮುಖಗಳಲ್ಲಿ ಒಂದನ್ನೂ ಮುಚ್ಚಿಡಲಿಲ್ಲ. ಅವರ ಬಗ್ಗೆ ನನಗೆ ಹೆಚ್ಚು ಗೌರವ ಇರುವುದು ಇದೇ ಕಾರಣಕ್ಕೆ.

ಗೋಂಬೆಯಲ್ಲಿ ಚಿಂಪಾಂಜಿಗಳಿಗೆ ಬಾಳೆಹಣ್ಣು ಹಾಕುತ್ತಿದ್ದರು, ಅದರಿಂದಲೇ ಜಗಳ ಹುಟ್ಟಿತು ಎಂಬ ವಾದ ಬಹಳ ವರ್ಷ ನಡೆಯಿತು. 2014ರಲ್ಲಿ ಆಫ್ರಿಕಾದ 18 ಚಿಂಪಾಂಜಿ ಗುಂಪುಗಳ ದಾಖಲೆಗಳನ್ನು ಒಟ್ಟು ಹಾಕಿ ನೋಡಿದರು. ಕಣ್ಣಾರೆ ಕಂಡದ್ದು, ಕುರುಹು ಸಿಕ್ಕಿದ್ದು, ಅನುಮಾನವಿದ್ದದ್ದು ಎಲ್ಲ ಸೇರಿ 152 ಕೊಲೆ. ಮನುಷ್ಯರ ಕಾಟ ಇದ್ದಲ್ಲಿ ಜಾಸ್ತಿ, ಇಲ್ಲದಲ್ಲಿ ಕಡಿಮೆ ಎಂಬ ಹೊಂದಾಣಿಕೆ ಕಾಣಲಿಲ್ಲ. ಅದೇ ಅಧ್ಯಯನದಲ್ಲಿ 4 ಬೊನೊಬೊ ಗುಂಪುಗಳೂ ಇದ್ದವು. ಅಲ್ಲಿ ಸಿಕ್ಕದ್ದು ಒಂದೇ ಒಂದು, ಅದೂ ಅನುಮಾನದ ಪ್ರಕರಣ.

ಬೊನೊಬೊಗಳು ಕಾಂಗೋ ನದಿಯ ದಕ್ಷಿಣಕ್ಕೆ ಮಾತ್ರ ಇವೆ, ಚಿಂಪಾಂಜಿಗಳು ಉತ್ತರಕ್ಕೆ. ಎರಡಕ್ಕೂ ಈಜು ಬರುವುದಿಲ್ಲ. ಬೊನೊಬೊಗಳ ಎರಡು ಗುಂಪು ಎದುರಾದರೆ ಕೂಗಾಟ ನಡೆಯಬಹುದು, ಆದರೆ ಆಮೇಲೆ ಒಟ್ಟಿಗೆ ಕೂತು ತಿನ್ನುವುದೂ ಉಂಟು. ಕೊಕೊಲೊಪೊರಿ ಎಂಬ ಕಾಡಿನಲ್ಲಿ ಬೇರೆ ಗುಂಪಿನವರಿಗೂ ಹಣ್ಣು ಹಂಚುತ್ತವೆ ಎಂದು 2023ರಲ್ಲಿ ವರದಿಯಾಯಿತು.

ಹಾಗೆಂದು ಬೊನೊಬೊಗಳನ್ನು ಸಾಧುಗಳೆಂದು ಪೂಜಿಸಲೂ ಆಗುವುದಿಲ್ಲ. 2024ರ ಒಂದು ಅಧ್ಯಯನ ಕೊಕೊಲೊಪೊರಿಯ ಗಂಡು ಬೊನೊಬೊಗಳನ್ನು ಗೋಂಬೆಯ ಗಂಡು ಚಿಂಪಾಂಜಿಗಳ ಜೊತೆ ಹೋಲಿಸಿತು. ಬೊನೊಬೊಗಳಲ್ಲಿ ಗಂಡು ಗಂಡುಗಳ ನಡುವಿನ ಜಗಳ 2.8 ಪಟ್ಟು ಹೆಚ್ಚಿತ್ತು! ಕೊಲ್ಲುವುದು, ಗುಂಪು ಕಟ್ಟಿ ಹೊಡೆಯುವುದು ತೀರಾ ಅಪರೂಪ. ಆದರೆ ಒಬ್ಬರನ್ನೊಬ್ಬರು ಅಟ್ಟಾಡಿಸುತ್ತಲೇ ಇರುತ್ತಾರೆ. ಹೆಣ್ಣುಗಳ ಮೇಲೆ ಕೈ ಮಾಡುವುದು ಮಾತ್ರ ಚಿಂಪಾಂಜಿಗಳಿಗಿಂತ ಬಹಳ ಕಡಿಮೆ. ಯಾಕೆಂದರೆ ಬೊನೊಬೊ ಹೆಣ್ಣುಗಳು ಒಟ್ಟಾಗುತ್ತವೆ. ಗಂಡು ಮೈಕಟ್ಟಿನಲ್ಲಿ ದೊಡ್ಡದೇ. ಆದರೂ ಒಂದು ಹೆಣ್ಣಿನ ಮೇಲೆ ಏರಿಹೋದರೆ ಮೂರು ನಾಲ್ಕು ಹೆಣ್ಣುಗಳು ಸೇರಿ ಅದನ್ನು ಓಡಿಸುತ್ತವೆ. ಆ ಹೆಣ್ಣುಗಳು ಅಕ್ಕತಂಗಿಯರೂ ಅಲ್ಲ. ಬೇರೆ ಬೇರೆ ಗುಂಪುಗಳಿಂದ ಬಂದು ಸೇರಿದವರು, ನಮ್ಮ ಕಡೆಯ ಒಂದು ಮನೆಯ ಸೊಸೆಯರ ಹಾಗೆ. ಮೂವತ್ತು ವರ್ಷಗಳ ದಾಖಲೆ ನೋಡಿ 2025ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹೆಣ್ಣುಗಳು ಹೀಗೆ ಒಟ್ಟಾದ ನೂರು ಸಲದಲ್ಲಿ 85 ಸಲ ಎದುರಿಗಿದ್ದದ್ದು ಗಂಡು.

ಎಲ್ಲ ವಾನರಗಳಲ್ಲೂ ಗಂಡೇ ಯಜಮಾನ ಎಂಬ ಮಾತು ನಿಜವೇ? 2025ರ ಜುಲೈನಲ್ಲಿ ಇದಕ್ಕೂ ದೊಡ್ಡದೊಂದು ಉತ್ತರ ಬಂತು. 121 ಪ್ರಭೇದಗಳ ಮಾಹಿತಿ ಕಲೆಹಾಕಿ ಗಂಡು ಹೆಣ್ಣಿನ ಜಗಳದಲ್ಲಿ ಗೆಲ್ಲುವುದು ಯಾರೆಂದು ನೋಡಿದರು. ಸ್ಪಷ್ಟವಾಗಿ ಗಂಡೇ ಗೆಲ್ಲುವ ಕಡೆ ನೂರಕ್ಕೆ 17ರಷ್ಟು, ಸ್ಪಷ್ಟವಾಗಿ ಹೆಣ್ಣೇ ಗೆಲ್ಲುವ ಕಡೆ 13ರಷ್ಟು. ಉಳಿದ 70ರಷ್ಟು ಕಡೆ ಒಮ್ಮೆ ಇವರು, ಒಮ್ಮೆ ಅವರು. ‘ಪ್ರಕೃತಿಯೇ ಹಾಗೆ ಮಾಡಿದೆ’ ಎಂಬ ವಾದಕ್ಕೆ ಇಲ್ಲಿ ಜಾಗವೇ ಇಲ್ಲ.

‘ಆಲ್ಫಾ’ ಎಂಬ ಮಾತು ಜನಪ್ರಿಯವಾದದ್ದರಲ್ಲಿ ವಾನರ ವಿಜ್ಞಾನಿ ಫ್ರಾನ್ಸ್ ಡಿ ವಾಲ್ ಅವರ ಪಾಲು ದೊಡ್ಡದು. ನೆದರ್‌ಲ್ಯಾಂಡ್ಸ್‌ನ ಆರ್ನೆಮ್ ಮೃಗಾಲಯದ ಚಿಂಪಾಂಜಿಗಳ ಬಗ್ಗೆ ಅವರು 1982ರಲ್ಲಿ ಪುಸ್ತಕ ಬರೆದರು. ಅಮೆರಿಕದ ರಾಜಕಾರಣಿಗಳು ಕೂಡ ಅದನ್ನು ಓದಿದರು. ಆದರೆ ಆ ಮಾತು ದಬ್ಬಾಳಿಕೆಯ ಹೆಸರಾಗಿ ಬದಲಾದದ್ದಕ್ಕೆ ಡಿ ವಾಲ್ ಕೊನೆಯವರೆಗೂ ಬೇಸರಪಟ್ಟರು. ಅವರು ಕಂಡ ಒಳ್ಳೆಯ ಆಲ್ಫಾ ಜಗಳ ಬಿಡಿಸುತ್ತಿತ್ತು, ಸೋತವರ ಪರ ನಿಲ್ಲುತ್ತಿತ್ತು, ಪೆಟ್ಟು ತಿಂದವರ ಹತ್ತಿರ ಹೋಗಿ ಕೂರುತ್ತಿತ್ತು. ಬರೀ ಬಲದಿಂದ ಮೇಲೇರಿದವರ ಗತಿಯೂ ಅಲ್ಲಿ ಕಂಡಿದೆ. ಒಬ್ಬನೇ ಎಷ್ಟೇ ಬಲಶಾಲಿಯಾದರೂ ಇಬ್ಬರು ಸೇರಿದರೆ ಮುಗಿಯಿತು. ಆರ್ನೆಮ್‌ನಲ್ಲಿ ಲೌಟ್ ಎಂಬ ಆಲ್ಫಾವನ್ನು 1980ರ ಒಂದು ರಾತ್ರಿ ಇಬ್ಬರು ಗಂಡುಗಳು ಸೇರಿ ಎಷ್ಟು ಗಾಯಗೊಳಿಸಿದರೆಂದರೆ ಅದು ಉಳಿಯಲಿಲ್ಲ.

ಸ್ವಭಾವ ಕಲ್ಲಿನ ಮೇಲೆ ಬರೆದದ್ದೇ?

ಕೀನ್ಯಾದ ಬಬೂನ್ ಎಂಬ ದೊಡ್ಡ ಕೋತಿಗಳ ಒಂದು ಗುಂಪಿನ ಕತೆಯನ್ನು ಇಲ್ಲಿ ಹೇಳಲೇಬೇಕು. ಬಬೂನ್ ಗಂಡು ಅಂದರೆ ಸಿಟ್ಟಿಗೆ ಇನ್ನೊಂದು ಹೆಸರು. ವಿಜ್ಞಾನಿ ರಾಬರ್ಟ್ ಸಪೋಲ್ಸ್ಕಿ ವರ್ಷಗಟ್ಟಲೆ ಅವುಗಳ ಜೊತೆ ಇದ್ದರು. 1980ರ ದಶಕದಲ್ಲಿ ಪ್ರವಾಸಿ ವಸತಿಗೃಹವೊಂದರ ಕಸದ ಗುಂಡಿಗೆ ಅವರ ಗುಂಪಿನ ಕೆಲವು ಗಂಡುಗಳು ಹೋಗತೊಡಗಿದವು. ಆ ಗುಂಡಿ ಬೇರೆ ಗುಂಪಿನ ವಶದಲ್ಲಿತ್ತು. ಹಾಗಾಗಿ ಅಲ್ಲಿಗೆ ನುಗ್ಗುವ ಧೈರ್ಯ ಇದ್ದದ್ದು ಅತಿ ಜಗಳಗಂಟರಿಗೆ ಮಾತ್ರ. ಗುಂಡಿಯಲ್ಲಿ ಕ್ಷಯ ತಗುಲಿದ ಮಾಂಸ ಬಿದ್ದಿತ್ತು. ತಿಂದವರೆಲ್ಲ ಸತ್ತರು.

ಗುಂಪಿನಲ್ಲಿ ಉಳಿದದ್ದು ಸಾಧು ಗಂಡುಗಳು, ಹೆಣ್ಣುಗಳು, ಮರಿಗಳು. ಹೊಡೆದಾಟ ಇಳಿಯಿತು. ಗಂಡುಗಳು ಹೆಣ್ಣುಗಳ ಜೊತೆ ಕೂತು ಹೇನು ಹೆಕ್ಕುವುದು ಹೆಚ್ಚಿತು. ಇಷ್ಟು ಯಾರಾದರೂ ಊಹಿಸಬಹುದು. ಊಹಿಸಲಾಗದ್ದು ಆಮೇಲೆ ನಡೆಯಿತು. ಬಬೂನ್ ಗಂಡುಗಳು ಹರೆಯಕ್ಕೆ ಬಂದಾಗ ಹುಟ್ಟಿದ ಗುಂಪು ಬಿಟ್ಟು ಬೇರೆಡೆಗೆ ಹೋಗುತ್ತವೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಹಳೆಯ ಸಾಧು ಗಂಡುಗಳಲ್ಲಿ ಒಂದೂ ಉಳಿದಿರಲಿಲ್ಲ. ಇದ್ದವರೆಲ್ಲ ಹೊರಗಿನಿಂದ ಬಂದವರು, ಮಾಮೂಲಿ ಜಗಳಗಂಟಿ ಗುಂಪುಗಳಲ್ಲಿ ಬೆಳೆದವರು. ಆದರೂ ಗುಂಪು ಶಾಂತವಾಗಿಯೇ ಇತ್ತು. ಬಂದವರನ್ನು ಹೆಣ್ಣುಗಳು ಬೇಗ ಹತ್ತಿರ ಸೇರಿಸಿಕೊಳ್ಳುತ್ತಿದ್ದವು. ಹೊಸಬರು ಆ ಊರಿನ ರೀತಿಯನ್ನು ಕಲಿಯುತ್ತಿದ್ದರು.

ಬಬೂನ್‌ನ ವಂಶವಾಹಿ ಬದಲಾಗಲಿಲ್ಲ. ಗುಂಪಿನ ನಡವಳಿಕೆ ಬದಲಾಯಿತು, ಮತ್ತು ಉಳಿಯಿತು.

ಪೋರ್ಟೊರಿಕೊ ಹತ್ತಿರದ ಕಾಯೊ ಸಾಂಟಿಯಾಗೊ ಎಂಬ ಪುಟ್ಟ ದ್ವೀಪದಲ್ಲೂ ಹೀಗೇ ಆಯಿತು. ಅಲ್ಲಿರುವುದು ಭಾರತದಿಂದ ಒಯ್ದ ರೀಸಸ್ ಕೋತಿಗಳ ಸಂತತಿ. 2017ರ ಮರಿಯಾ ಚಂಡಮಾರುತ ಮರಗಳನ್ನು ಬೋಳು ಮಾಡಿತು. ನೆರಳಿಗಾಗಿ ಕಚ್ಚಾಟ ಹೆಚ್ಚಬಹುದು ಎಂಬ ಎಣಿಕೆಯಿತ್ತು. ಉಳಿದ ಚೂರು ನೆರಳಿನಲ್ಲಿ ಅವು ಒತ್ತೊತ್ತಾಗಿ ಕೂರುವುದನ್ನು ಕಲಿತವು. ಸಹಿಸಿಕೊಂಡು ಕೂತವುಗಳೇ ಹೆಚ್ಚು ಬದುಕಿದವು.

ಮನುಷ್ಯರ ಲೆಕ್ಕವೂ ಇದೆ. ಸಾವಿರಕ್ಕೂ ಹೆಚ್ಚು ಸಸ್ತನಿ ಪ್ರಭೇದಗಳ ಸಾವಿನ ದಾಖಲೆ ನೋಡಿ 2016ರಲ್ಲಿ ಸ್ಪೇನಿನ ಸಂಶೋಧಕರು ಅಂದಾಜು ಮಾಡಿದರು. ನಮ್ಮ ವಂಶದ ಹಿನ್ನೆಲೆ ಮಾತ್ರ ನೋಡಿದರೆ ಮನುಷ್ಯರ ನೂರು ಸಾವುಗಳಲ್ಲಿ ಸುಮಾರು 2 ಮನುಷ್ಯರ ಕೈಯಿಂದಲೇ ಆಗಬೇಕು. ಸಸ್ತನಿಗಳ ಸರಾಸರಿ ಸಾವಿರಕ್ಕೆ 3. ಅಂದರೆ ನಾವು ಜಗಳಗಂಟರ ಮನೆತನದಲ್ಲಿ ಹುಟ್ಟಿದವರು ಎನ್ನುವುದು ಸುಳ್ಳಲ್ಲ. ಆದರೆ ಆ ಅಂಕಿ ಚರಿತ್ರೆಯುದ್ದಕ್ಕೂ ಒಂದೇ ಆಗಿ ನಿಂತಿಲ್ಲ. ಕೆಲವು ಕಾಲದಲ್ಲಿ ಹಲವು ಪಟ್ಟು ಏರಿದೆ. ಕಾನೂನು, ಕೋರ್ಟು ಇರುವ ಈಗಿನ ಸಮಾಜಗಳಲ್ಲಿ 2ಕ್ಕಿಂತ ಬಹಳ ಕೆಳಗಿಳಿದಿದೆ.

ನಮ್ಮ ಸಿಟ್ಟೂ ಬೇರೆ ಥರ. ವಾನರ ವಿಜ್ಞಾನಿ ರಿಚರ್ಡ್ ರ್‍ಯಾಂಗಮ್ ಇದನ್ನು ಎರಡಾಗಿ ಬಿಡಿಸುತ್ತಾರೆ. ಕೆಣಕಿದಾಗ ಥಟ್ಟನೆ ಏಳುವ ಸಿಟ್ಟು ಒಂದು, ಕೂತು ಯೋಚಿಸಿ ಮಾಡುವ ಹಿಂಸೆ ಇನ್ನೊಂದು. ಮೊದಲನೆಯದರಲ್ಲಿ ನಾವು ಚಿಂಪಾಂಜಿಗಳಿಗಿಂತ ನೂರಾರು ಪಟ್ಟು ತಣ್ಣಗಿನವರು. ಎರಡನೆಯದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಯುದ್ಧ, ಗುಂಪು ಹತ್ಯೆ, ಜಾತಿಯ ಹೆಸರಿನ ಕೊಲೆ, ಇವು ಒಬ್ಬರ ಸಿಟ್ಟಿನಿಂದ ಆಗುವುದಿಲ್ಲ. ಹತ್ತು ಜನ ಕೂತು ಮಾತಾಡಿ, ಒಬ್ಬರ ಮೇಲೊಬ್ಬರು ಭರವಸೆಯಿಟ್ಟು ಮಾಡುವ ಕೆಲಸ. ಅದಕ್ಕೆ ‘ಮೃಗೀಯ’ ಎನ್ನುವುದು ತಪ್ಪು ಮಾತು. ಮೃಗದ ಮೇಲೆ ಹೊರೆ ಹಾಕಿದರೆ ಮಾಡಿದವರ ಹೊಣೆ ಹಗುರಾಗುತ್ತದೆ.

ಹಂಚಿಕೊಂಡು ಸಾಕಿದ ಕೂಸು

ಹಾಗಾದರೆ ನಮ್ಮದೇ ಆದದ್ದು ಯಾವುದು? ಬುದ್ಧಿ ಎಂದು ಥಟ್ಟನೆ ಹೇಳುತ್ತೇವೆ. 2007ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 105 ಎರಡೂವರೆ ವರ್ಷದ ಮಕ್ಕಳಿಗೆ, 106 ಚಿಂಪಾಂಜಿಗಳಿಗೆ, 32 ಒರಾಂಗುಟಾನ್‌ಗಳಿಗೆ ಒಂದೇ ಪರೀಕ್ಷೆಗಳನ್ನು ಕೊಟ್ಟರು. ಎಲ್ಲಿ ಬಚ್ಚಿಟ್ಟಿದೆ, ಯಾವುದರಲ್ಲಿ ಹೆಚ್ಚಿದೆ, ಕೋಲಿನಿಂದ ಹೇಗೆ ಎಳೆಯಬೇಕು ಎಂಬಂಥ ಪ್ರಶ್ನೆಗಳಲ್ಲಿ ಮಕ್ಕಳೂ ಚಿಂಪಾಂಜಿಗಳೂ ಸಮಸಮ. ಇನ್ನೊಬ್ಬರನ್ನು ನೋಡಿ ಕಲಿಯುವುದು, ಇನ್ನೊಬ್ಬರ ಬೆರಳು ಏನು ಹೇಳುತ್ತಿದೆ ಎಂದು ಅರಿಯುವುದು ಬಂದಾಗ ಮಾತ್ರ ಮಕ್ಕಳು ಬಹಳ ಮುಂದೆ ಹೋದರು.

2005ರ ಇನ್ನೊಂದು ಪ್ರಯೋಗ ನನಗೆ ತುಂಬ ಇಷ್ಟ. ತಿಂಡಿ ಇಟ್ಟ ಪೆಟ್ಟಿಗೆ. ತೆಗೆಯುವ ಮೊದಲು ಕಲಿಸುವವರು ಮೇಲಿನ ತೂತಿಗೆ ಕೋಲು ತೂರಿಸಿ ತೋರಿಸುತ್ತಾರೆ. ಅದರಿಂದ ಏನೂ ಉಪಯೋಗವಿಲ್ಲ. ಪೆಟ್ಟಿಗೆ ಪಾರದರ್ಶಕವಾಗಿದ್ದರೆ ಅದು ಕಣ್ಣಿಗೇ ಕಾಣುತ್ತದೆ. ಆಗ ಚಿಂಪಾಂಜಿಗಳು ಆ ಹೆಜ್ಜೆ ಬಿಟ್ಟು ನೇರ ತಿಂಡಿಗೆ ಕೈ ಹಾಕಿದವು. ಮಕ್ಕಳು ಮಾತ್ರ ತೂತಿಗೆ ಕೋಲು ತೂರಿಸಿಯೇ ಮುಂದೆ ಹೋದರು. ದೊಡ್ಡವರು ಮಾಡಿದ್ದಾರೆ ಅಂದ ಮೇಲೆ ಅದಕ್ಕೇನೋ ಕಾರಣ ಇರಬೇಕು ಎಂಬ ನಂಬಿಕೆ ಅದು. ಚಿಂಪಾಂಜಿ ಜಾಣತನ ತೋರಿಸಿತು ಅನ್ನಿಸುತ್ತದೆ, ಅಲ್ವಾ? ಆದರೆ ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಮೊದಲು ಹಿಟ್ಟಿಗೆ ಯಾಕೆ ಕುದಿನೀರು ಹಾಕುತ್ತಾಳೆ ಎಂದು ಕೇಳದೆ ಕಲಿತದ್ದರಿಂದಲೇ ನನ್ನ ರೊಟ್ಟಿ ಬಿರಿಯುವುದಿಲ್ಲ. ಕಾರಣ ತಿಳಿದದ್ದು ಹತ್ತು ವರ್ಷದ ನಂತರ. ಹೀಗೆ ನಂಬಿ ಕಲಿಯುವ ಕೂಸಿದ್ದರೆ ಮಾತ್ರ ಒಂದು ತಲೆಮಾರಿನ ತಿಳಿವಳಿಕೆ ಇನ್ನೊಂದಕ್ಕೆ ಪೂರ್ತಿ ದಾಟುತ್ತದೆ.

ಈ ಗುಣ ನಮಗೆ ಎಲ್ಲಿಂದ ಬಂತು? ಇಲ್ಲಿ ಮತ್ತೆ ಸಾರಾ ಹರ್ಡಿ ಬರುತ್ತಾರೆ. ಮುಸಿಯ ಗಂಡು ಮರಿ ಕೊಲ್ಲುವುದನ್ನು ಅರ್ಥಮಾಡಿಕೊಳ್ಳಲು ಹೊರಟವರು, ಮುಂದಿನ ಹಲವು ದಶಕ ಮರಿ ಉಳಿಯುವುದು ಹೇಗೆ ಎಂಬ ಪ್ರಶ್ನೆಯ ಹಿಂದೆ ಬಿದ್ದರು. ಅವರ ವಾದ ಹೀಗಿದೆ. ಚಿಂಪಾಂಜಿ ತಾಯಿ ಐದಾರು ವರ್ಷಕ್ಕೊಂದು ಮರಿ ಹಾಕುತ್ತಾಳೆ. ಮೊದಲನೆಯದು ತನ್ನ ಹೊಟ್ಟೆ ತಾನು ನೋಡಿಕೊಳ್ಳುವಷ್ಟಾದ ಮೇಲೆ ಮುಂದಿನದು. ಬೇಟೆ, ಗೆಡ್ಡೆ ನಂಬಿ ಬದುಕುವ ಮನುಷ್ಯ ತಾಯಿ ಮೂರು ನಾಲ್ಕು ವರ್ಷಕ್ಕೇ ಇನ್ನೊಂದು ಹೆರುತ್ತಾಳೆ. ಆಗ ದೊಡ್ಡ ಮಗು ಇನ್ನೂ ಕೈಕೂಸೇ. ಮನುಷ್ಯರ ಮಗು ತನ್ನ ಊಟ ತಾನು ದುಡಿಯಲು ಹದಿನೈದು ಇಪ್ಪತ್ತು ವರ್ಷ ಬೇಕು. ಒಬ್ಬ ತಾಯಿಯಿಂದ, ಅಥವಾ ಒಬ್ಬ ತಾಯಿ ಒಬ್ಬ ತಂದೆಯಿಂದಲೂ, ಇದು ಆಗುವ ಕೆಲಸವಲ್ಲ. ಅಜ್ಜಿ, ಅತ್ತೆ, ಚಿಕ್ಕಮ್ಮ, ಅಕ್ಕ, ನೆರೆಮನೆಯವರು ಸೇರಿದರೆ ಮಾತ್ರ ಸಾಧ್ಯ.

ಬೇಟೆ, ಗೆಡ್ಡೆಯನ್ನೇ ನಂಬಿದ ಟಾಂಜಾನಿಯಾದ ಹಡ್ಜಾ ಜನರ ನಡುವೆ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ಇದನ್ನು ತೂಗಿ ನೋಡಿದರು. ತಾಯಿ ಹೊಸ ಕೂಸಿಗೆ ಹಾಲೂಡಿಸುವ ತಿಂಗಳುಗಳಲ್ಲಿ ದೊಡ್ಡ ಮಕ್ಕಳ ತೂಕ ಏರುವುದು ಅಜ್ಜಿ ಎಷ್ಟು ಗೆಡ್ಡೆ ಅಗೆದು ತಂದಳು ಎಂಬುದರ ಮೇಲೆ ನಿಂತಿತ್ತು. ಮುಸಿಯದ ಮುದಿ ಹೆಣ್ಣುಗಳು ಇಲ್ಲಿ ನೆನಪಾಗದೆ ಇರುವುದಿಲ್ಲ.

ಹೀಗೆ ಹಲವರ ಕೈಯಲ್ಲಿ ಬೆಳೆಯುವ ಕೂಸಿಗೆ ಒಂದು ಕೆಲಸ ಇದೆ. ಯಾರು ಎತ್ತಿಕೊಳ್ಳುತ್ತಾರೆ, ಯಾರ ಮುಖದಲ್ಲಿ ಅಕ್ಕರೆಯಿದೆ, ಹೇಗೆ ನಕ್ಕರೆ ಅವರು ಕರಗುತ್ತಾರೆ ಎಂದು ಅದು ಓದಬೇಕು. ಚಿಂಪಾಂಜಿ ಮರಿಗೆ ಆ ಚಿಂತೆಯಿಲ್ಲ, ಅದು ಸದಾ ತಾಯಿಯ ಮೈಮೇಲೆ. ಬಸ್ಸಿನ ಕೂಸು ಅಜ್ಜಿಯ ಹುಬ್ಬು ನೋಡಿ ಕಣ್ಣರಳಿಸಿತಲ್ಲ, ಅದು ಲಕ್ಷಾಂತರ ವರ್ಷಗಳ ಅಭ್ಯಾಸ. ಇನ್ನೊಬ್ಬರ ಮನಸ್ಸನ್ನು ಅರಿಯುವ, ಅವರ ಜೊತೆ ಸೇರಿ ದುಡಿಯುವ ನಮ್ಮ ಗುಣದ ಬೇರು ಅಲ್ಲಿದೆ ಎನ್ನುತ್ತಾರೆ ಹರ್ಡಿ.

2014ರಲ್ಲಿ ಯೂಡಿತ್ ಬುರ್ಕಾರ್ಟ್ ಮತ್ತು ಸಂಗಡಿಗರು ಇದನ್ನು 15 ಪ್ರಭೇದಗಳಲ್ಲಿ ಪರೀಕ್ಷಿಸಿದರು. ಹಿಡಿಕೆ ಎಳೆದರೆ ತಿಂಡಿ ಬರುತ್ತದೆ, ಆದರೆ ಎಳೆದವರಿಗಲ್ಲ, ಗುಂಪಿನ ಬೇರೆಯವರಿಗೆ. ಇನ್ನೊಬ್ಬರಿಗಾಗಿ ಎಳೆದವರು ಯಾರು? ಮನುಷ್ಯರ ಮಕ್ಕಳು, ಮತ್ತು ದಕ್ಷಿಣ ಅಮೆರಿಕದ ಪುಟ್ಟ ಮಾರ್ಮೊಸೆಟ್, ಟಮಾರಿನ್ ಕೋತಿಗಳು. ದೊಡ್ಡ ಮಿದುಳಿನ ಚಿಂಪಾಂಜಿಗಳು ಹಿಂದೆ ಬಿದ್ದವು. ಮಾರ್ಮೊಸೆಟ್‌ಗಳಲ್ಲಿ ಅಪ್ಪ, ಅಣ್ಣ, ಅಕ್ಕ ಎಲ್ಲರೂ ಮರಿ ಹೊರುತ್ತಾರೆ. ಮರಿ ಸಾಕುವುದನ್ನು ಎಷ್ಟು ಹಂಚಿಕೊಳ್ಳುತ್ತಾರೋ ಅಷ್ಟು ಕೊಡುವ ಗುಣ. ಆ ಪಟ್ಟಿಯಲ್ಲಿ ಇದಕ್ಕಿಂತ ಚೆನ್ನಾಗಿ ಹೊಂದುವ ಬೇರೆ ಕಾರಣ ಸಿಗಲಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಮನುಷ್ಯ ಸ್ವಭಾವದ ಪ್ರಶ್ನೆ ಕಾಡಿನದ್ದಲ್ಲ, ನಮ್ಮ ಮನೆಗಳದ್ದು. ಕೂಸು ಸಾಕುವುದು ತಾಯಿಯೊಬ್ಬಳ ಸಹಜ ಕೆಲಸ ಎಂದು ನಾವು ಈಗ ನಂಬಿರುವುದು ಚಿಂಪಾಂಜಿಗೆ ಸಹಜ. ನಮಗಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದಿತು. ಮನೆಗೆಲಸಕ್ಕೆ, ಹೊಲಕ್ಕೆ, ಗಾರೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ಇದು ತಲುಪುವುದಿಲ್ಲ. ಕರ್ನಾಟಕ ಸರ್ಕಾರ 2023ರಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ನನಗೆ ಆ ಹೆಸರೇ ಇಷ್ಟವಾಯಿತು. ನಗರದ ಫ್ಲ್ಯಾಟುಗಳಲ್ಲಿ ಒಂಟಿಯಾಗಿರುವ ತಾಯಂದಿರಿಗೆ ಅಂಥದ್ದೂ ಇಲ್ಲ.

ನನ್ನ ತಂಗಿ ಬೆಂಗಳೂರಿನಲ್ಲಿ ಏಳನೇ ಮಹಡಿಯಲ್ಲಿದ್ದಾಳೆ. ಅವಳ ಕಂಪನಿಯ ಶಿಶುಪಾಲನಾ ಕೇಂದ್ರ ಕಾಗದದ ಮೇಲಿತ್ತು. ಅವ್ವನಿಗೆ ಮಂಡಿಯ ಆಪರೇಷನ್ ಆಗಿ ಹೋಗಲಾಗಲಿಲ್ಲ. ಗಂಡ ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. ಕೂಸಿಗೆ ಮೂರು ತಿಂಗಳಿದ್ದಾಗ ಅವಳು ಫೋನಿನಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದ್ದಳು. ಕೇಳಿದರೆ ‘ಏನಿಲ್ಲ ಅಕ್ಕಾ, ನಿದ್ದೆಯಿಲ್ಲ ಅಷ್ಟೇ’ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ದನಿ ಬೇರೆಯಾಗಿತ್ತು. ಕೆಳಗಿನ ಸೆಕ್ಯೂರಿಟಿಯವರ ಹೆಂಡತಿ ಏನೋ ಕೊಡಲು ಮೇಲೆ ಬಂದವರು, ಅಳುವ ಕೂಸನ್ನೂ ಇವಳ ಮುಖವನ್ನೂ ನೋಡಿ ಬಾಗಿಲಲ್ಲೇ ಕೈ ಚಾಚಿದರಂತೆ. ‘ಕೊಡಿ ಅಕ್ಕಾ, ನಾನು ಹಿಡ್ಕೋತೀನಿ. ನೀವು ಹೋಗಿ ತಲೆಗೆ ನೀರು ಹಾಕ್ಕೊಂಡು ಬನ್ನಿ.’ ತಂಗಿ ಬಚ್ಚಲಿನಿಂದ ಬರುವಷ್ಟರಲ್ಲಿ ಕೂಸು ಅವರ ಹೆಗಲ ಮೇಲೆ ನಿದ್ದೆ ಹೋಗಿತ್ತು. ಇಪ್ಪತ್ತು ನಿಮಿಷ ಬಿಸಿನೀರಿನ ಕೆಳಗೆ ನಿಂತಿದ್ದೆ ಅಂದಳು, ಹೆರಿಗೆಯಾದ ಮೇಲೆ ಮೊದಲ ಸಲ.